ಸೀಡರ್ ಹಲಗೆಯ ಕಪ್ಪು ಗೆರೆ

ಕ್ರೆಸೆನ್ಸಿಯಾ ಬೆಳಿಗ್ಗೆ ಹಗ್ಗ ಬಿಚ್ಚಿ, ಮರದ ಬೆಣೆಗಳನ್ನು ತೆಗೆದು, ಗಿಟಾರಿನ ಮೇಲ್ಮೈಗೆಂದು ಅಂಟಿಸಿದ್ದ ಹಲಗೆಯ ಮೇಲೆ ಎರಡು ಸಲ ಕೀಸುಳಿ ಎಳೆದಳು. ಎರಡು ತುಂಡು ಕೂಡಿದ ಕಡೆ ಉದ್ದಕ್ಕೂ ನೀಲಿಗಪ್ಪು ಗೆರೆ ಎದ್ದಿತು, ಕಾಡಿಗೆ ತೀಡಿದ ಹಾಗೆ.

ಇಪ್ಪತ್ತೆರಡು ವರ್ಷ ಅಣ್ಣ ಅಬುಂದಿಯೊನ ಗಿಟಾರುಗಳಿಗೆಲ್ಲ ಸರೇಸಿನ ಅಂಟು ಕಾಯಿಸಿ ಹಲಗೆ ಕೂಡಿಸಿದವಳು ಅವಳು. ಗಿಟಾರಿನ ಒಳಗೆ ಅಂಟಿಸುವ ಚೀಟಿಯಲ್ಲಿ ಹೆಸರು ಮಾತ್ರ ಅವನದು. ಗಿಟಾರು ಮಾಡುವವರ ಊರಾದ ಪರಾಚೊದಲ್ಲಿ ಅದು ಯಾರಿಗೂ ತಪ್ಪೆನಿಸಲಿಲ್ಲ, ಅನಿಸಬೇಕಿತ್ತು. ಅವಳ ಹೆಸರಿನ ಮೊದಲ ಗಿಟಾರ್ ಇದು. ಉರುವಾಪಾನ್ ಪಟ್ಟಣದ ಸಂಗೀತದ ಮೇಷ್ಟ್ರು ನಿಕಾನೊರ್ ಭಾನುವಾರ ಬಂದು, ಹಲಗೆ ನೋಡಿ ಒಪ್ಪಿದರೆ ಗಿಟಾರ್ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಬಿಟ್ಟುಹೋದ ಸೀಡರ್ ಮರ ಇದ್ದದ್ದು ಇದೊಂದೇ ಜೊತೆ.

"ಚೀಟಿ ಇನ್ನೂ ಅಂಟಿಸೇ ಇಲ್ಲ, ಆಗಲೇ ಇಂಕು ಸೋರ್ತಿದೆಯಲ್ಲೇ," ಎಂದ ಅಬುಂದಿಯೊ. ಕೈಯಲ್ಲಿ ರೊಟ್ಟಿ, ಮಾಂಸ, ನಿಂಬೆಹಣ್ಣಿನ ತಟ್ಟೆ.

"ನಗು. ಹಲ್ಲಾದ್ರೂ ಗಾಳಿ ಕುಡೀಲಿ."

"ಬೂಸ್ಟು ಕಣೇ ಅದು."

"ಬೂಸ್ಟು ಹಿಂಗೆ ಗೆರೆ ಎಳೆದ ಹಾಗೆ ಬರುತ್ತಾ?"

"ಹಂಗಾದ್ರೆ ನಿನ್ನ ಕೈಕೊಳೆ."

"ಇಪ್ಪತ್ತೆರಡು ವರ್ಷ ನಿನ್ನ ಗಿಟಾರಿಗೆ ಹತ್ತದ ಕೊಳೆ ನಂದಕ್ಕೆ ಬಂದು ಹತ್ತಿತಾ?"

ಅವನ ತಟ್ಟೆಯಿಂದ ಅರ್ಧ ನಿಂಬೆಹಣ್ಣು ಕಸಿದು ಗೆರೆಯ ತುದಿಗೆ ಹಿಂಡಿದಳು.

"ಲೇ, ನನ್ನ ಊಟ!"

ಇಬ್ಬರೂ ಬಗ್ಗಿ ನೋಡಿದರು. ಹುಳಿ ಬಿದ್ದ ಕಡೆ ಕಪ್ಪು ಮೆಲ್ಲಗೆ ತಿಳಿಯಾಗಿ, ಮರದ ಬಣ್ಣ ಮೇಲೆ ಬಂತು.

"ಬಾಳೆಕಾಯಿ ಹೆಚ್ಚಿದ ಚಾಕು ಕಪ್ಪಾಗಲ್ವಾ? ನಿಂಬೆಹಣ್ಣು ಉಜ್ಜಿದ್ರೆ ಹೋಗುತ್ತೆ," ಎಂದಳು. "ಅದೇ ಇದು. ಸೀಡರಿನ ಒಗರಿಗೆ ಕಬ್ಬಿಣ ತಾಗಿದೆ. ಬೂಸ್ಟಾಗಿದ್ರೆ ಹುಳಿಗೆ ಜಗ್ಗುತ್ತಿರಲಿಲ್ಲ."

"ಕಟ್ಟಿದ್ದು ಹಗ್ಗ, ಹೊಡೆದದ್ದು ಮರದ ಬೆಣೆ. ಕಬ್ಬಿಣ ಎಲ್ಲಿಂದ ಬಂತು, ಆಕಾಶದಿಂದಲಾ?"

ಅವಳು ಸರೇಸಿನ ನೀಲಿ ಎನಾಮಲ್ ಪಾತ್ರೆಯನ್ನು ಬಿಸಿನೀರಲ್ಲಿಟ್ಟು, ಕರಗಿದ ಸರೇಸನ್ನು ಸುರಿದು ಒಳಗೆ ಇಣುಕಿದಳು. ತಳದಲ್ಲಿ ಹೆಬ್ಬೆಟ್ಟಿನಷ್ಟು ಎನಾಮಲ್ ಕಿತ್ತುಹೋಗಿ ಕಬ್ಬಿಣದ ತುಕ್ಕು ಕಾಣುತ್ತಿತ್ತು. ಸುತ್ತ ಉಳಿಯ ಗೀರುಗಳು. ಅವಳು ಅಣ್ಣನ ಮುಖ ನೋಡಿದಳು. ಅಣ್ಣ ರೊಟ್ಟಿ ನೋಡಿದ.

"ಹೋದ ವಾರ ಸರೇಸು ಒಣಗಿ ಕಲ್ಲಾಗಿತ್ತು," ಎಂದ. "ಒಂಚೂರು ಕೆತ್ತಿದೆ."

"ನೆನೆಹಾಕೋಕೆ ಏನಾಗಿತ್ತು?"

"ಪುರುಸೊತ್ತಿರಲಿಲ್ಲ. ಅದೇ ಸರೇಸು ಹಾಕಿದ ನನ್ನ ಸ್ಪ್ರೂಸ್ ಮರದ ಹಲಗೆ ಏನೂ ಕಪ್ಪಾಗ್ಲಿಲ್ಲಪ್ಪ."

"ಸ್ಪ್ರೂಸಿಗೆ ಒಗರೆಲ್ಲಿದೆ? ನಿನ್ನ ಹಂಗೇ, ಎಲ್ಲಾ ಸಹಿಸುತ್ತೆ."

ನಿಂಬೆಹಣ್ಣು ಮೇಲಿನದನ್ನಷ್ಟೇ ಅಳಿಸಿತ್ತು. ಗೆರೆ ಒಳಗೂ ಇತ್ತು. ಅವಳು ಬಿಸಿನೀರಿನ ಬಟ್ಟೆ ಹೊದಿಸಿ ಅಂಟಿದ ತುಂಡುಗಳನ್ನು ಬಿಡಿಸಿದಳು, ಒಣಗಿದ ಮೇಲೆ ಎರಡೂ ಅಂಚುಗಳನ್ನು ಕಪ್ಪು ಹೋಗುವವರೆಗೆ ಕೀಸಿದಳು. ಮರದ ಕೊನೆಯ ಸುರುಳಿ ಬಿದ್ದಾಗ ಅಬುಂದಿಯೊ ಹತ್ತಿರ ಬಂದು ಬಗ್ಗಿದ. ತುಂಡುಗಳನ್ನು ಜೋಡಿಸಿ ಗಿಟಾರಿನ ಆಕಾರದ ಅಚ್ಚನ್ನು ಮೇಲಿಟ್ಟಳು. ಎರಡು ಪಕ್ಕದಲ್ಲೂ ಉಗುರಿನಷ್ಟು ಮರ ಉಳಿದಿತ್ತು.

"ಸಾಕಾಗುತ್ತಾ?" ಎಂದ, ದನಿ ಇಳಿಸಿ.

"ಸಾಕು. ಮಣ್ಣಿನ ಮಡಕೆ ತಂದು ಹೊಸ ಸರೇಸು ಕಾಯಿಸು. ತಳ ಹಿಡಿಸಿದ್ಯೋ, ನಿನ್ನನ್ನೇ ನೆನೆಹಾಕ್ತೀನಿ."

ಭಾನುವಾರ ನಿಕಾನೊರ್ ಮೇಷ್ಟ್ರು ಬಂದು ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದರು, ಬೆಳಕಿಗೆ ತಿರುಗಿಸಿದರು. ಕೂಡಿದ ಜಾಗ ಅವರಿಗೆ ಸಿಗಲಿಲ್ಲ. "ಮಾಡಿಬಿಡಿ," ಎಂದರು. ಆಮೇಲೆ ಬಾಗಿಲಿಗೆ ನೇತುಹಾಕಿದ್ದ ನೀಲಿ ಪಾತ್ರೆಯ ಕಡೆ ಬೆರಳು ತೋರಿಸಿದರು. ಅದರೊಳಗೆ ಕ್ರೆಸೆನ್ಸಿಯಾ ಗಿಟಾರಿನ ಒಂದು ಚೀಟಿ ಅಂಟಿಸಿದ್ದಳು: ಅಬುಂದಿಯೊ, ಪರಾಚೊ.

"ಅದು ಅಣ್ಣನ ಕೈಕೆಲಸ, ಮೇಷ್ಟ್ರೇ. ಮಾರಾಟಕ್ಕಿಲ್ಲ," ಎಂದಳು.

ಹಿಂದಿನ ಸಂಜೆ ಅಬುಂದಿಯೊ ಆ ಚೀಟಿಯನ್ನು ಉಗುರಿನಿಂದ ಕೆರೆದು ನೋಡಿದ್ದ. ಬಿಟ್ಟುಬರಲಿಲ್ಲ. ತಂಗಿಯ ಹತ್ತಿರ ಮತ್ತೆ ಉಳಿ ಕೇಳುವ ಧೈರ್ಯ ಅವನಿಗಾಗಲಿಲ್ಲ.