ನೆಲ್ಲಿಕಾಯಿ ಗಾತ್ರ

ಚಳಿ ಹಿಂದೆ ಸರಿದು ಬಿಸಿಲಿಗೆ ಆಗಷ್ಟೇ ಹಲ್ಲು ಮೂಡುತ್ತಿತ್ತು. ಹಿಟ್ಟಿನ ಗಿರಣಿಯವನು ಅಂಗಳದ ಬದಿಯ ಗಿರಣಿಗೆ ಬೀಗ ಜಡಿದು, ಮನೆಯ ಮುಂದಿನ ಮೆಟ್ಟಿಲುಗಳನ್ನು ಸುತ್ತಿಗೆಯಿಂದ ಒಡೆಯುತ್ತ ಕೂತಿದ್ದ. ಕೂತಿದ್ದ ಅನ್ನುವುದೂ ತಪ್ಪೇ. ನಾಲ್ಕು ಏಟು ಹಾಕುವುದು, ಎದ್ದು ರಸ್ತೆಯ ಕಡೆ ನೋಡುವುದು, ಬಾಯಾರಿಕೆಯಿಲ್ಲದಿದ್ದರೂ ನೀರು ಕುಡಿಯುವುದು, ಮತ್ತೆ ಬಂದು ಒಡೆದದ್ದನ್ನೇ ಒಡೆಯುವುದು.

ಆ ಮೆಟ್ಟಿಲ ಮೇಲೆಯೇ ಹೆಂಡತಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳು ಆಸ್ಪತ್ರೆಯಿಂದ ಬರಲು ಇನ್ನೂ ಹತ್ತು ದಿನವಿತ್ತು. ಅಷ್ಟರೊಳಗೆ ಮೆಟ್ಟಿಲಿದ್ದ ಜಾಗದಲ್ಲಿ ಇಳಿಜಾರು ಎದ್ದು ಒಣಗಬೇಕು, ಅವಳು ಕೋಲೂರಿಕೊಂಡು ತಾನಾಗಿ ಒಳಗೆ ಬರಬೇಕು. "ಯಾರೂ ನನ್ನ ಎತ್ತಬೇಡಿ. ಮನುಷ್ಯರನ್ನ ಎತ್ತೋದು ಒಂದೇ ಸಲ, ಅದೂ ಹೊರಕ್ಕೆ," ಎಂದು ಮಂಚದ ಮೇಲಿಂದಲೇ ಅಪ್ಪಣೆಯಾಗಿತ್ತು.

ಒಡೆದ ಕಾಂಕ್ರೀಟನ್ನೇ ಜಲ್ಲಿ ಮಾಡಿ ಹೊಸದಕ್ಕೆ ಹಾಕಬಹುದು ಎಂದವನು ಅವಳ ಅಣ್ಣ, ಮೇಸ್ತ್ರಿ. ಮೆಟ್ಟಿಲು ಕಟ್ಟಿದವನೂ ಅವನೇ. ಈ ಬೆಳಿಗ್ಗೆ ಜರಡಿ ಹೊತ್ತು ಬಂದವನು ರಾಶಿಗೆ ಕೈಹಾಕಿ, ಬೊಗಸೆ ತುಂಬಿಕೊಂಡು, ಬೆರಳ ಸಂದಿಯಿಂದ ಸೋರಲು ಬಿಟ್ಟ.

"ಏನು ಭಾವ ಇದು, ಜಲ್ಲಿಯೋ ನುಚ್ಚೋ?"

"ಯಾಕೆ, ಚೆನ್ನಾಗೇ ಒಡೆದಿದ್ದೀನಲ್ಲ."

"ನೆಲ್ಲಿಕಾಯಿ ಗಾತ್ರ ಅಂದಿದ್ದೆ. ಸಾಸಿವೆ ಮಾಡಿಟ್ಟಿದ್ದೀಯ. ಬೀಸೋ ಕೈಗೆ ಸುತ್ತಿಗೆ ಕೊಟ್ಟಿದ್ದು ನನ್ನದೇ ತಪ್ಪು ಬಿಡು."

ಜರಡಿ ಆಡಿಸಿದಾಗ ರಾಶಿಯ ಮುಕ್ಕಾಲು ಭಾಗ ಕೆಳಗಿಳಿಯಿತು. ಮೇಲೆ ಉಳಿದದ್ದು ಎರಡು ಬಾಂಡಲಿ ತುಂಬುವಷ್ಟು.

"ಬರೀ ಪುಡಿ ಹಾಕಿದ್ರೆ ಎರಡು ಮಳೆಗೆ ಬಿರುಕು ಬಿಡುತ್ತೆ. ಕೆಳಗಿನ ಮೆಟ್ಟಿಲು ಒಂದು ಉಳಿದಿದೆಯಲ್ಲ, ಅದನ್ನಾದ್ರೂ ಜೀವ ಉಳಿಸಿ ಒಡಿ. ಆಮೇಲೆ ಎಲ್ಲಾನೂ ನೆನೆಹಾಕು. ಹಳೇ ಕಾಂಕ್ರೀಟಿಗೆ ಭಾರಿ ದಾಹ. ಒಣಗಿದ್ದನ್ನ ಕಲಸಿದ್ರೆ ಸಿಮೆಂಟಿನ ನೀರೆಲ್ಲ ಅದೇ ಕುಡಿದುಬಿಡುತ್ತೆ."

"ಇವತ್ತೇ ಹಾಕಿಬಿಡೋಣ ಭಾವ," ಎಂದ ಗಿರಣಿಯವನು.

"ಅವಸರದವನಿಗೆ ಹಸೀ ಗೋಡೇನೇ ಗತಿ," ಎಂದ ಮೇಸ್ತ್ರಿ.

ಅಷ್ಟರಲ್ಲಿ ಬಾಡಿಗೆ ಕಾರೊಂದು ಬಂದು ನಿಂತಿತು. ಮಗಳು ಇಳಿದಳು. ಅವಳ ಹಿಂದೆ ಒಂದು ಕೋಲು, ಕೋಲಿನ ಹಿಂದೆ ಹೆಂಡತಿ.

"ನನ್ನ ಬಾಯಿ ತಾಳಲಾರದೆ ಬೇಗ ಕಳಿಸಿಬಿಟ್ರು," ಎಂದಳು. ಆಮೇಲೆ ಮನೆಯತ್ತ ನೋಡಿದಳು. ಬಾಗಿಲು ಸೊಂಟದೆತ್ತರದಲ್ಲಿ ಬಾಯಿ ತೆರೆದುಕೊಂಡಿತ್ತು. ಅದರ ಕೆಳಗೆ ಗಂಡ, ತಲೆಯಿಂದ ಕಾಲಿನವರೆಗೆ ಬೂದು ಧೂಳು.

"ಒಡೆದೆ," ಎಂದ ಅವನು.

"ಕಾಣಿಸ್ತಿದೆ. ಮೆಟ್ಟಿಲು ಎತ್ತರವಾಯ್ತು, ಒಂಚೂರು ತಗ್ಗಿಸಿ ಅಂತ ಈ ಮನೆಗೆ ಬಂದಾಗಿನಿಂದ ಕೇಳಿದೆ. ನಾಳೆ, ನಾಳೆ ಅಂದ್ರಿ. ಈಗ ಬಡ್ಡಿ ಸಮೇತ ತೀರಿಸಿದ್ದೀರಲ್ಲ."

ಮೇಸ್ತ್ರಿ ನಗು ನುಂಗಿಕೊಂಡು ಜರಡಿ ಕೊಡವಿದ.

"ನಾನೂ ಭಾವನೂ ಕುರ್ಚಿ ಸಮೇತ ಹಿಡಿದು—" ಎಂದು ಗಂಡ ಶುರುಮಾಡಿದ.

"ಬೇಡ ಅಂದಿದ್ದೀನಿ."

ಅವಳು ಸುತ್ತ ನೋಡಿ ಕೋಲನ್ನು ಗಿರಣಿಯ ಕಡೆ ತಿರುಗಿಸಿದಳು. "ಅದರ ಬಾಗಿಲು ತೆಗೀರಿ. ಅಲ್ಲೇ ಹಾಸಿಗೆ ಹಾಕ್ಲಿ. ಮೂಟೆ ಗಾಡಿ ಸಲೀಸಾಗಿ ಉರುಳ್ಲಿ ಅಂತ ಅದರ ಹೊಸ್ತಿಲನ್ನ ನೆಲಕ್ಕೆ ಸಮ ಮಾಡಿಸಿದ್ರಿ."

ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ದಾರಿ ತೋರಿಸುವವಳ ಹಾಗೆ ಹೇಳಿದಳು. ಗಿರಣಿಯವನು ಕೀಲಿಕೈಗಾಗಿ ಒಂದು ಜೇಬು ತಡಕಿದ, ಇನ್ನೊಂದು ತಡಕಿದ, ಮತ್ತೆ ಮೊದಲನೆಯದನ್ನೇ ತಡಕಿದ. ಅದು ಅವನ ಸೊಂಟದ ದಾರದಲ್ಲೇ ಇತ್ತು.

ಮಗಳು ಒಳಗೆ ಗುಡಿಸುತ್ತಿದ್ದಂತೆ ಹೆಂಡತಿ ಗಿರಣಿಯ ಬಾಗಿಲಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು ಕೂತಳು. ನೆನೆಹಾಕಬೇಕೆಂದು ಅಣ್ಣ ಮತ್ತೆ ಹೇಳಿದ್ದನ್ನು ಕೇಳಿಸಿಕೊಂಡು ನೀರಿನ ಪೈಪನ್ನು ಕೈಗೆ ತೆಗೆದುಕೊಂಡು, ಜರಡಿಯಲ್ಲಿ ಉಳಿದ ಜಲ್ಲಿಯ ಮೇಲೆ ಹಿಡಿದಳು. ಕಲ್ಲು ಕಪ್ಪಾಗುತ್ತಿತ್ತು, ನೀರು ಸರಿಸಿದರೆ ನೋಡನೋಡುತ್ತಲೇ ಬೆಳ್ಳಗಾಗುತ್ತಿತ್ತು.

"ಎಷ್ಟು ಕುಡಿಯುತ್ತಪ್ಪ ಇದು!"

ಗಿರಣಿಯವನು ಕೊನೆಯ ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಏಟು ಹಾಕಿದ. ನೆಲ್ಲಿಕಾಯಿಯಷ್ಟು ಚೂರೊಂದು ಬೇರ್ಪಟ್ಟು ಉರುಳಿತು. ಅದನ್ನು ಎತ್ತಿ, ಹಿಟ್ಟು ನೋಡುವವನ ಹಾಗೆ ಹೆಬ್ಬೆರಳಿನಿಂದ ಸವರಿದ. ಅದನ್ನೂ ಒಡೆಯಲು ಸುತ್ತಿಗೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಚೂರನ್ನು ಹಾಗೇ ನೆಲಕ್ಕಿಟ್ಟ.

ಅವಳು ಕೋಲು ಚಾಚಿ, ಅದನ್ನು ಒದ್ದೆ ರಾಶಿಯೊಳಕ್ಕೆ ಎಳೆದುಕೊಂಡಳು.