ಕ್ವಾಲಾಲಂಪುರದ ಕೂಡಲು

ಕ್ವಾಲಾಲಂಪುರದಲ್ಲಿ ಅವತ್ತು ಕಡೆಯ ದಿನ. ವಿಮಾನ ರಾತ್ರಿಗೆ. ತಿ. ನರಸೀಪುರದ ತಾಲ್ಲೂಕು ಕಚೇರಿಯಿಂದ ಪ್ರವಾಸ ಬಂದಿದ್ದ ಹೆಂಗಸರೆಲ್ಲ ತಿಂಡಿ ಮುಗಿಸಿ ಮಾಲ್‌ಗೆ ಹೊರಟು ನಿಂತಿದ್ದರು. ರಾಣಿಯೂ ಬ್ಯಾಗು ಹೆಗಲಿಗೇರಿಸಿದ್ದಳು. ಅವಳ ಅತ್ತಿಗೆ ಮಂಚಮ್ಮ ಮಾತ್ರ ಹೋಟೆಲಿನ ಸೋಫಾ ಬಿಟ್ಟು ಏಳಲಿಲ್ಲ.

"ನಾ ಬರಾಕಿಲ್ಲ ಕಣವ್ವ. ಆ ಓಡೋ ಮೆಟ್ಲು ಅತ್ತಿ ಅತ್ತಿ ತಲೆ ಸುತ್ತುತ್ತೆ. ಈ ಊರಲ್ಲಿ ಎಲ್ಡು ಒಳೆ ಕೂಡ್ತವಂತಲ್ಲ, ಅದ್ನ ತೋರ್ಸು."

ಈ ಊರಿನ ಹೆಸರಿಗೇ ಕೆಸರು ನೀರಿನ ಕೂಡಲು ಎಂದರ್ಥ ಅಂತ ಬಂದ ದಿನವೇ ಬಸ್ಸಿನಲ್ಲಿ ಹೇಳಿದ್ದವರು ಟೂರಿನ ಗೈಡ್ ಚಂದ್ರಶೇಖರ್. ಮಂಚಮ್ಮನನ್ನು ಬಿಟ್ಟು ಉಳಿದವರೆಲ್ಲ ಆಗ ಮೊಬೈಲಿಗೆ ಸಿಮ್ ಹಾಕಿಕೊಳ್ಳುವ ಗಡಿಬಿಡಿಯಲ್ಲಿದ್ದರು.

ರಾಣಿಗೆ ರೇಗಿತು. ಗಂಡನಿಗೆ ವಿಮಾನವೆಂದರೆ ಭಯ ಎಂದು ಹೆಡತಲೆ ಗ್ರಾಮದಿಂದ ಅತ್ತಿಗೆಯನ್ನು ಜೊತೆಗೆ ಕರೆತಂದಿದ್ದಳು. ಬಂದಾಗಿನಿಂದ ಅವಳ ಗಟ್ಟಿ ದನಿಗೆ, ಲಿಫ್ಟಿನಲ್ಲಿ ಕಂಡಕಂಡವರನ್ನೆಲ್ಲ ಕನ್ನಡದಲ್ಲೇ ಮಾತಾಡಿಸುವುದಕ್ಕೆ ಮುಜುಗರಪಟ್ಟುಕೊಂಡೇ ಕಾಲ ಕಳೆದಿದ್ದಳು. ಆದರೂ ಗುರುತಿಲ್ಲದ ಊರಲ್ಲಿ ಒಬ್ಬಳನ್ನೇ ಬಿಡುವುದುಂಟೆ? ಗೊಣಗುತ್ತಲೇ ಮೆಟ್ರೊ ಹತ್ತಿಸಿದಳು.

ಎರಡು ಕಡೆಯೂ ಸಿಮೆಂಟಿನ ಗೋಡೆ, ನಡುವೆ ಚಹಾ ಬಣ್ಣದ ನೀರು. ಹೊಳೆಗಳು ಕೂಡುವ ಮೂಲೆಯಲ್ಲಿ ಹಳೆಯ ಮಸೀದಿ. ಮಂಚಮ್ಮ ಕಂಬಿಗೆ ಒರಗಿ ಬಗ್ಗಿ ನೋಡಿದಳು.

"ಇದಾ ಒಳೆ? ನಮ್ಮ ನಾಲೆನೇ ಇದ್ಕಿಂತ ಅಗಲ ಐತಲ್ಲೇ!"

ರಾಣಿಗೆ ನಗು ತಡೆಯಲಾಗಲಿಲ್ಲ. "ನೋಡಾಯ್ತಲ್ಲ ಅತ್ಗಮ್ಮ, ನಡಿ."

"ಎಲ್ಡು ನೀರು ಕೂಡೋ ತಾವ್ಕೆ ಬಂದು, ತಲೆ ಮ್ಯಾಲೆ ಒಂದ್ ತೊಟ್ಟು ಆಕ್ಕೊಳ್ದೆ ಓಯ್ತಾರಾ?" ಎಂದು ಮಂಚಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು. ನೀರೋ, ಎರಡಾಳು ಆಳದಲ್ಲಿ. ಇಳಿಯಲು ದಾರಿಯಿಲ್ಲ.

ಕೆಳಗೆ ಒಬ್ಬಾತ ದೋಣಿಯಲ್ಲಿ ನಿಂತು ಬಲೆಯಿಂದ ಕಸ ಎತ್ತುತ್ತಿದ್ದ. ಮಂಚಮ್ಮ "ಅಣ್ಣಾ!" ಎಂದು ಕೂಗಿ, ನೀರು ಎತ್ತಿಕೊಳ್ಳುವಂತೆ ಕೈಯಾಡಿಸಿದಳು. ಅವನು ತಮಿಳಿನಲ್ಲಿ ಏನೋ ಕೇಳಿ ನಕ್ಕ. ಯಾಕೆ ಹೊಳೆಯಿತೋ, ರಾಣಿ ಹಿಂದಿನ ದಿನವಷ್ಟೇ ಕೊಂಡಿದ್ದ ಹೊಸ ಸ್ಕಾರ್ಫ್ ಬಿಚ್ಚಿ, ತುದಿಗೆ ಖಾಲಿ ಬಾಟಲಿ ಕಟ್ಟಿ ಇಳಿಬಿಟ್ಟಳು. ಮೊಳದಷ್ಟು ಸಾಲದಾಯಿತು. ಮಂಚಮ್ಮ ಹೆಗಲ ಮೇಲಿನ ಟವಲು ಕೊಟ್ಟಳು. ಅದನ್ನೂ ಗಂಟು ಹಾಕಿ ಬಿಟ್ಟಾಗ ದೋಣಿಯವನು ಬಾಟಲಿ ತುಂಬಿ ಮೇಲೆ ನೋಡಿ ಸನ್ನೆ ಮಾಡಿದ.

ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತ ಓಡಿಬಂದ. "ಎಳೀ ಬಿರ್ನೆ!" ಎಂದಳು ಮಂಚಮ್ಮ. ಇಬ್ಬರೂ ಸೇರಿ ಬಾಟಲಿ ಎಳೆದುಕೊಂಡರು. ನೋಡುತ್ತಿದ್ದ ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಕಾವಲುಗಾರ ಗಾಬರಿಯಿಂದ ಕುಡಿಯಬೇಡಿ ಎಂದು ಕೈಸನ್ನೆ ಮಾಡಿದ.

"ಕುಡಿಯಾಕಲ್ಲ ಕಣಪ್ಪ, ಸುಮ್ನಿರು," ಎಂದು ಮಂಚಮ್ಮ ತನ್ನ ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು, ರಾಣಿ ಬೇಡ ಎನ್ನುವಷ್ಟರಲ್ಲಿ ಅವಳ ನೆತ್ತಿಗೂ ಹಾಕಿದಳು. ಕಾವಲುಗಾರನಿಗೂ ಒಂದಿಷ್ಟು ಹಾಕಲು ಹೋದಾಗ ಅವನು ನಗುತ್ತ ಹಿಂದೆ ಸರಿದ.

ಹೊತ್ತೇರಿದಂತೆ ಮೋಡ ಕವಿದು ಮಳೆ ದಬದಬ ಸುರಿಯಿತು. ಓಡಿ ರಸ್ತೆ ದಾಟುವಷ್ಟರಲ್ಲಿ ಇಬ್ಬರೂ ತೊಪ್ಪೆಯಾಗಿದ್ದರು. ಸಿಕ್ಕ ಟೀ ಅಂಗಡಿಯೊಳಗೆ ನುಗ್ಗಿ, ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತಿಗೆ ನಾದಿನಿ ಹಾಗೆ ನಕ್ಕದ್ದು ಯಾವ ಕಾಲದಲ್ಲೋ ರಾಣಿಗೆ ನೆನಪಾಗಲಿಲ್ಲ.

ಫೋನು ಬಂತು. "ಮೇಡಂ, ಎಲ್ಲಿದೀರಾ? ಎಲ್ಲರೂ ಶಾಪಿಂಗ್ ಮುಗಿಸಿ ಬಂದವ್ರೆ," ಎಂದರು ಚಂದ್ರಶೇಖರ್.

"ಬತ್ತೀವಿ ಸಾರ್. ಬಸ್ ಹೊರಡೋಕೆ ಇನ್ನೂ ಟೈಮಿದೆಯಲ್ಲ," ಎಂದು ಫೋನಿಟ್ಟು ರಾಣಿ ಅತ್ತಿಗೆಯ ಕಡೆ ತಿರುಗಿದಳು. "ಇನ್ನೊಂದ್ ಟೀ ತರ್ಸ್ಲಾ?"

"ಹೂಂ ಕಣೆ. ಸಕ್ರೆ ವಸಿ ಕಮ್ಮಿ ಅನ್ನು."