ಜೋಡಿ ದರದ ಕೋಣೆ

ಹೋಟೆಲಿನ ಕೆಳಮಹಡಿಯಲ್ಲಿ ಕ್ಯಾಸಿನೊ ಇತ್ತು. ಕೋಣೆಗಳು ಅಗ್ಗವಾಗಿದ್ದದ್ದು ಅದಕ್ಕೇ. ಮೇಲೆ ಬಿಟ್ಟದ್ದನ್ನು ಕೆಳಗೆ ವಸೂಲಿ ಮಾಡಿಕೊಳ್ಳುತ್ತಾರೆ. ಪಣಜಿಯಲ್ಲಿ ಅಷ್ಟು ಕಡಿಮೆಗೆ ಬೇರೆಲ್ಲೂ ಸಿಗಲಿಲ್ಲ ಎಂದು ನನ್ನ ಮೈದುನ ಕಾಂತು ಹೇಳಿದ್ದ. ಮರುದಿನ ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಶಿಕ್ಷಕಿಯ ಕೆಲಸಕ್ಕೆ ನನ್ನ ಸಂದರ್ಶನವಿತ್ತು.

ಮೂವರು ಹೊರಟಿದ್ದೆವು. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸುಂದರವ್ವ ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ಕೆಳಗಿಳಿದರು.

“ಮೊಣಕಾಲು ಹಿಡಕೊಂಡಾವ. ನೀವಿಬ್ರು ಹೋಗಿ ಬರ್ರಿ.”

ಆಗಲೇ ನಾನೂ ಇಳಿಯಬಹುದಿತ್ತು. ಇಳಿಯಲಿಲ್ಲ. ನನ್ನ ಗಂಡ ಮುತ್ತು ತೀರಿಕೊಂಡು ಒಂದೂವರೆ ವರ್ಷ; ಅಂದಿನಿಂದ ಕೂರು ಎಂದಲ್ಲಿ ಕೂರುತ್ತಿದ್ದೆ, ಉಣ್ಣು ಎಂದಾಗ ಉಣ್ಣುತ್ತಿದ್ದೆ. ಸಂದರ್ಶನದ ಅರ್ಜಿಯನ್ನೂ ನನ್ನ ಗೆಳತಿ ತುಂಬಿದ್ದಳು.

ಹೋಟೆಲಿನ ಹುಡುಗಿ ಇಬ್ಬರ ಆಧಾರ್ ಕಾರ್ಡು ನೋಡಿದಳು. ಅಡ್ಡಹೆಸರು ಒಂದೇ, ಊರು ಒಂದೇ. ಏನೂ ಕೇಳಲಿಲ್ಲ. ದರ ಜೋಡಿಗೆ, ಊಟ ಅದರಲ್ಲೇ ಸೇರಿದೆ ಎಂದು ಹಿಂದಿಯಲ್ಲಿ ಹೇಳುತ್ತ ನಮ್ಮಿಬ್ಬರ ಮಣಿಕಟ್ಟಿಗೂ ಗುಲಾಬಿ ಬಣ್ಣದ ಕಾಗದದ ಪಟ್ಟಿ ಸುತ್ತಿದಳು. ಒಂಟಿಯಾಗಿ ಬಂದ ಗಂಡಸರಿಗೆ ನೀಲಿ.

“ಸ್ನಾನಕ್ಕೂ ಇದನ್ನು ತೆಗೆಯಬಾರದು. ನಿಮ್ಮ ಗಂಡನಿಗೂ ಹೇಳಿ.”

ಕಾಂತು ತಿದ್ದುತ್ತಾನೆಂದು ಕಾದೆ. ಅವನು ಲಿಫ್ಟಿನ ಕಡೆ ನೋಡುತ್ತಿದ್ದ. ನಾನು ತಿದ್ದುತ್ತೇನೆಂದು ಅವನೂ ಕಾದಿರಬೇಕು.

ಅತ್ತೆಗೂ ನನಗೂ ಎಂದು ಹಿಡಿದಿದ್ದ ಕೋಣೆಯಲ್ಲಿ ಒಂದೇ ಮಂಚ. ಅವನು ಒಳಗೆ ಬರಲಿಲ್ಲ. ನನ್ನ ಚೀಲವನ್ನು ಹೊಸ್ತಿಲ ಆಚೆ ದೂಡಿ ನಿಂತ.

“ನಾ ಕೆಳಗ ಸೋಫಾದ ಮ್ಯಾಲ ಮಲಗ್ತೇನಿ ವೈನಿ. ನೀವು ಚಿಲಕ ಹಾಕ್ಕೋರಿ.”

ಸಂಜೆ ಊಟಕ್ಕೆ ಇಳಿದೆವು. ಊಟದ ಕೋಣೆಗೆ ಹೋಗಬೇಕೆಂದರೆ ಜೂಜಿನ ಯಂತ್ರಗಳ ನಡುವೆಯೇ ದಾಟಬೇಕು. ಅಲ್ಲಿ ಒಂದು ಯಂತ್ರದ ಮುಂದೆ ಚಂದಪ್ಪ ಕಾಕಾ ಕೂತಿದ್ದರು. ನಮ್ಮ ಕನ್ನೊಳ್ಳಿಯವರು, ಊರಲ್ಲಿ ಯಾರ ಮನೆಯ ಮದುವೆ ಮಾತುಕತೆಯೂ ಅವರಿಲ್ಲದೆ ಮುಗಿಯುವುದಿಲ್ಲ. ಧೋತರ, ರುಮಾಲು ಬಿಟ್ಟು ಅವರನ್ನು ನಾನು ಬೇರೆ ಬಟ್ಟೆಯಲ್ಲಿ ಕಂಡವಳಲ್ಲ. ಈಗ ಜೀನ್ಸ್ ಪ್ಯಾಂಟಿನಲ್ಲಿದ್ದರು. ನಮ್ಮನ್ನು ನೋಡಿ ಯಂತ್ರದ ಹಿಂದೆ ಸರಿಯಲು ಹೋದರು, ಆಗಲಿಲ್ಲ.

“ಯಾರು, ಕಾಂತ್ಯಾ ಏನು? ಧರ್ಮಸ್ಥಳಕ್ಕ ಹೊಂಟಿದ್ನೆಪಾ. ಹಾದ್ಯಾಗ ಇಲ್ಲೆ ಸ್ವಲ್ಪ ಇಳದೆ.”

“ಧರ್ಮಸ್ಥಳದ ಹಾದಿ ಈ ಕಡಿ ಬರೂದಿಲ್ಲಲ್ರಿ ಕಾಕಾ?”

“ಭಾಳ ಶಾಣ್ಯಾ ಅದಿ. ಬಾಯಿ ಮುಚ್ಚು.”

ಅಷ್ಟರಲ್ಲಿ ಅವರ ಕಣ್ಣು ನನ್ನ ಮಣಿಕಟ್ಟಿಗೆ ಬಿತ್ತು, ಆಮೇಲೆ ಕಾಂತುವಿನದಕ್ಕೆ. ಮುಖ ಸಡಿಲಾಯಿತು.

“ಓಹೋ! ಉಡಿಕಿ ಮುಗಿಸೇ ಬಿಟ್ರೇನು? ನಿಮ್ಮವ್ವ ದೀಪಾವಳಿ ಆದಮ್ಯಾಲ ಅಂದಿದ್ಳು. ಹಿರಿಯಾ ಅಂತ ನನ್ನ ಒಂದ್ ಮಾತು ಕರೀಲಿಲ್ಲಲ್ಲೋ!”

ಉಡಿಕಿ ಎಂದರೆ ಗಂಡ ಸತ್ತವಳಿಗೆ ಹಂದರವಿಲ್ಲದೆ, ಬಾಜಾಬಜಂತ್ರಿಯಿಲ್ಲದೆ, ಹೊಸ ಸೀರೆ ಉಡಿಸಿ ಮಾಡುವ ಮದುವೆ. ನಮ್ಮಲ್ಲಿ ಹೆಚ್ಚಾಗಿ ಮೈದುನನ ಜೊತೆಗೇ. ನನ್ನ ಉಡಿಕಿಯ ಮಾತು ಹಿರಿಯರವರೆಗೆ ಹೋಗಿದೆಯೆಂದು ನನಗೆ ಆಗಲೇ ತಿಳಿದದ್ದು.

ಕಾಂತು ನನ್ನ ಮುಖ ನೋಡಿದ. “ಹೂಂರಿ ಕಾಕಾ,” ಎಂದ. “ಮೊನ್ನಿ ಆತು.”

ಅವನು ನನ್ನ ಮಾನ ಕಾಯುತ್ತಿದ್ದ. ಆದರೆ ಆ ಮಾತು ನಮಗಿಂತ ಮೊದಲು ಊರು ಮುಟ್ಟುತ್ತದೆ, ಮುಟ್ಟಿದ ಮೇಲೆ ಅದನ್ನು ನಿಜ ಮಾಡದೆ ಬೇರೆ ದಾರಿ ಇರುವುದಿಲ್ಲ.

“ಇಲ್ರಿ,” ಎಂದೆ. “ಆಗಿಲ್ಲ. ನಾ ಒಪ್ಪಿಲ್ಲ.”

ಗಟ್ಟಿಯಾಗಿ ಹೇಳಿದೆನೋ ಏನೋ, ಪಕ್ಕದ ಯಂತ್ರದ ಹೆಂಗಸು ತಿರುಗಿ ನೋಡಿದಳು.

ಚಂದಪ್ಪ ಕಾಕಾರ ದನಿ ತಗ್ಗಿತು. “ಆಗಿಲ್ಲಂದ್ರ? ಮತ್ತ ಇಲ್ಲಿ… ಇಬ್ರೂ ಒಂದ ಖೋಲಿಯೊಳಗ?”

ಕಾಂತು ಸೋಫಾದ ವಿಷಯ ಹೇಳಲು ಬಾಯಿ ತೆರೆದ. ಯಾರು ನಂಬುತ್ತಾರೆ?

“ಹೌದ್ರಿ, ಒಂದ ಖೋಲಿ,” ಎಂದೆ.

ಅವರು ಸ್ವಲ್ಪ ಹೊತ್ತು ಯಂತ್ರದ ಗಾಜಿನಲ್ಲಿ ತಿರುಗುವ ಹಣ್ಣಿನ ಚಿತ್ರಗಳನ್ನೇ ನೋಡಿದರು. ಆಮೇಲೆ, “ನಾ ನಿಮ್ಮನ್ನ ನೋಡಿಲ್ಲವ್ವಾ. ನೀವೂ ನನ್ನ ನೋಡಿಲ್ಲ. ಆತಿಲ್ಲೋ?” ಎಂದರು, ಕರುಣೆಯಿಂದಲೇ. ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಊಟ ಮಾಡದೆ ಹೊರಬಂದೆವು. ಲಿಫ್ಟಿನ ಬಳಿ ಕಾಂತು ಹೇಳಿದ, “ನಿಮಗ ಗೊತ್ತೈತಿ ಅನಕೊಂಡಿದ್ದೆ ವೈನಿ. ‘ಅಕಿನ್ನ ಕೇಳೇನಿ, ಸುಮ್ನಿದ್ಳು’ ಅಂದ್ಳು ಅವ್ವ.”

“ನಿನಗ ಬೇಕಾಗಿತ್ತೇನು?”

ಅವನು ಕಾಲರು ಸರಿಮಾಡಿಕೊಂಡ. ಅವನ ಹೊಸದಾಗಿ ಕತ್ತರಿಸಿದ ಕೂದಲು, ಇಸ್ತ್ರಿ ಮಾಡಿದ ಅಂಗಿ ನನ್ನ ಕಣ್ಣಿಗೆ ಬಿದ್ದದ್ದು ಆಗ. ಇಡೀ ದಿನ ಪಕ್ಕದಲ್ಲೇ ಕೂತು ಬಂದಿದ್ದ. ಅವನು ಬಾಗಿಲು ದೂಡಿಕೊಂಡು ರಸ್ತೆಗಿಳಿದ.

ಕೋಣೆಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ.

“ಅತ್ತಿ, ನನಗ ಉಡಿಕಿ ಬ್ಯಾಡ.”

ಆ ಕಡೆ ಟಿವಿಯ ಸದ್ದು ನಿಂತಿತು.

“ನಾ ಕೇಳಿದಾಗ ಹಿಂಗ ಬಾಯಿ ಬಿಟ್ಟಿದ್ರ ಆ ಹುಡುಗಗ ಆಸೆ ಹಚ್ಚತಿದ್ನೇನು? ಎರಡು ಸರ್ತಿ ಕೇಳೇನಿ. ಜ್ವಾಳ ಹಸನ ಮಾಡ್ಕೋತ ಕುಂತಿದ್ದಿ, ತಲಿ ಎತ್ತಲಿಲ್ಲ.”

“ಕೇಳಿಸಿರಲಿಲ್ಲ ಅತ್ತಿ.”

“ನಿನ್ನ ಬಾಜೂಕ ನಾನ ಕುಂತಿದ್ನೆಲ್ಲ!” ಮೂಗು ಒರೆಸಿಕೊಂಡ ಸದ್ದು. “ಚಂದಪ್ಪ ಈಗ ಫೋನ್ ಮಾಡಿದ್ದ. ಧರ್ಮಸ್ಥಳದಾಗ ಅದಾನಂತ, ಗ್ವಾದಾಗ ನಿಮ್ಮನ್ನ ಯಾರೋ ನೋಡ್ಯಾರಂತ. ನಾಳಿ ನೌಕರಿ ಕೊಟ್ರ ಅಲ್ಲೇ ಇದ್ದ ಬಿಡವ್ವಾ. ಇಲ್ಲಿ ಇನ್ನ ನಾಲ್ಕ್ ಮಂದ್ಯಾಗ ಹೆಂಗ ಅಡ್ಡಾಡ್ತಿ?”

ನಾನು ಹೂಂ ಎಂದೆ.

“ಕಾಂತು ಉಂಡಾನೇನು?”

ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಅದಕ್ಕೂ ಹೂಂ ಎಂದು ಫೋನಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಅವನನ್ನು ಹುಡುಕಲು ಕೆಳಗಿಳಿದೆ.